ಬಿಸ್ಕೆಟ್‌ನ ಬಿಳಿ ದೀಪ

ಟ್ಯೂಬಿನ ತುದಿಯಲ್ಲಿ ಅಚ್ಚಾಗಿದ್ದ ಕಪ್ಪು ಅಕ್ಷರಗಳನ್ನು, ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ, ಉಜ್ಜಿ ಅಳಿಸಿದೆ. ಮೊದಲು ಕಂಪನಿಯ ಹೆಸರು ಹೋಯಿತು, ಆಮೇಲೆ ವ್ಯಾಟ್‌ನ ಅಂಕಿ, ಕೊನೆಗೆ ‘ಕೂಲ್ ವೈಟ್’ ಎಂಬ ಎರಡು ಪದ. ಅದು ಅಡುಗೆಮನೆಗೆ ಹಾಕುವ ಮಾಮೂಲಿ ಟ್ಯೂಬ್‌ಲೈಟ್ ಎಂದು ಯಾರಿಗೂ ತಿಳಿಯಬಾರದಿತ್ತು. ಅದನ್ನು ಒಂದು ಮರಿ ಆಮೆಯ ತಲೆಯ ಮೇಲೆ, ಅದರ ಮೂಳೆಗೆ ಬೇಕಾದ ದೀಪವಿರಬೇಕಾದ ಜಾಗದಲ್ಲಿ ಸಿಕ್ಕಿಸಿದೆ. ಆಮೆ ಕಾಯಿಲೆ ಬಿದ್ದಾಗ ಆ ತಪ್ಪು ಹನ್ನೊಂದು ವರ್ಷದ ಹುಡುಗಿಯೊಬ್ಬಳ ಮೇಲೆ ಬಿತ್ತು. ನಾನು ಬೀಳಲು ಬಿಟ್ಟೆ.

ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಆಗ ನಾನು ನಾಟಿಂಗ್‌ಹ್ಯಾಮಿನಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ನಮ್ಮ ಮೈಸೂರಿನವರೇ ಆದ ಡಾಕ್ಟರ್ ದಂಪತಿಗಳ ಮನೆಯ ಮೇಲಟ್ಟದ ಕೋಣೆಯಲ್ಲಿ ನನ್ನ ವಾಸ. ಮೋಹನ್ ಅಂಕಲ್ ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರು; ಸುಧಾ ಆಂಟಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಆಂಟಿಗೆ ರಾತ್ರಿ ಪಾಳಿ ಬಂದಾಗ ಅನ್ನಕ್ಕಿಡುವುದು ನನ್ನ ಕೆಲಸ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು ಎಂದು ಅವರು ನನ್ನನ್ನು ಮೆಚ್ಚಿಕೊಂಡಿದ್ದರು. ಆ ಮೆಚ್ಚುಗೆ ನನಗೆ ಬಹಳ ಬೇಕಾಗಿತ್ತು — ಎಷ್ಟು ಬೇಕಾಗಿತ್ತು ಎಂದು ಆಗ ತಿಳಿದಿರಲಿಲ್ಲ.

ಅವರ ಒಬ್ಬಳೇ ಮಗಳು ನಿಧಿ. ಬಿಸ್ಕೆಟ್ ಅವಳ ಆಮೆ. ಬಣ್ಣವೂ ಬಿಸ್ಕತ್ತಿನದೇ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಆ ಬೇಸಿಗೆ ರಜೆಯಲ್ಲಿ ಅವರೆಲ್ಲ ಮದುವೆಯೊಂದಕ್ಕೆ ಮೈಸೂರಿಗೆ ಹೊರಟಾಗ ಬಿಸ್ಕೆಟ್‌ನನ್ನು ನನಗೆ ಒಪ್ಪಿಸಿದರು. ನಿಧಿ ನನ್ನ ಕೈಹಿಡಿದು ತನ್ನ ಕೋಣೆಗೆ ಕರೆದೊಯ್ದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅವಳ ಮಾತನ್ನು ಇಲ್ಲಿ ನಾನು ಕನ್ನಡದಲ್ಲೇ ಬರೆಯುತ್ತೇನೆ.

“ನೋಡಿ ರೇವತಿ ಅಕ್ಕ, ಈ ಕಡೆ ಬಿಸಿ, ಆ ಕಡೆ ತಂಪು. ಎಲ್ಲಿ ಕೂರಬೇಕು ಅನ್ನೋದು ಅವನಿಷ್ಟ, ನಾವು ಹೇಳೋ ಹಾಗಿಲ್ಲ.”

ಅಗಲವಾದ ಮರದ ತೊಟ್ಟಿ. ಅದರಲ್ಲಿ ಮಣ್ಣು, ಒಂದು ಚಪ್ಪಟೆ ಕಲ್ಲು. ಕಲ್ಲಿನ ಮೇಲೆ ಬಿಸಿ ದೀಪ, ಪಕ್ಕದಲ್ಲಿ ಉಷ್ಣಮಾಪಕ. ತೊಟ್ಟಿಯ ಉದ್ದಕ್ಕೂ ಒಂದು ಬಿಳಿ ಟ್ಯೂಬ್.

“ಬಿಸಿ ದೀಪ ಕೆಟ್ಟರೆ ತಕ್ಷಣ ಗೊತ್ತಾಗುತ್ತೆ, ಅವನು ಮಂಕಾಗಿ ಕೂತುಬಿಡ್ತಾನೆ. ಬಿಳಿದು ಅವನ ಮೂಳೆಗೆ, ಚಿಪ್ಪಿಗೆ. ಅದರಲ್ಲಿ ಬಿಸಿಲಲ್ಲಿರೋ ಅತಿನೇರಳೆ ಕಿರಣ ಇದೆ. ಅದು ಕೆಟ್ಟರೆ ತುಂಬಾ ದಿನ ಗೊತ್ತೇ ಆಗಲ್ಲ. ಅದಕ್ಕೇ ಅದು ಮುಖ್ಯ.”

“ಆಯ್ತು ಟೀಚರ್,” ಎಂದೆ ನಾನು. ಅವಳು ನಗಲಿಲ್ಲ.

ಅವರು ಹೋದ ಮೊದಲ ವಾರದಲ್ಲೇ ಒಂದು ದಿನ ಬಿಸಿಲು ಬಂತು. ಮೈಸೂರಿನ ಮಾರ್ಚ್ ತಿಂಗಳಿನದರಂಥ, ಗಟ್ಟಿ ಹಳದಿ ಬಿಸಿಲು. ನಿಧಿಯ ಕಿಟಕಿಯಿಂದ ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಇಷ್ಟು ಒಳ್ಳೆಯ ಬಿಸಿಲು ಪಕ್ಕದಲ್ಲೇ ಬಿದ್ದಿರುವಾಗ ಈ ಪ್ರಾಣಿ ಟ್ಯೂಬ್‌ಲೈಟಿನ ಕೆಳಗೇಕೆ ಕೂರಬೇಕು — ಹಾಗನ್ನಿಸಿತು. ಮೈಸೂರಿನ ನಮ್ಮ ಮನೆಯ ಕಿಟಕಿಗಳಲ್ಲಿ ಹಗಲು ಹೊತ್ತು ಸರಳುಗಳಷ್ಟೇ ಇರುತ್ತಿದ್ದವು. ಕಿಟಕಿಯ ಬಾಗಿಲು ತೆರೆದರೆ ಬಿಸಿಲು ಬಿಸಿಲಾಗಿಯೇ ಒಳಗೆ ಬರುತ್ತಿತ್ತು. ಈ ದೇಶದ ಕಿಟಕಿ ಅಂದರೆ ಗಾಜು, ಅದೂ ಎರಡು ಪದರ. ಗಾಜು ಬೆಳಕನ್ನು ಬಿಡುತ್ತದೆ, ಕಾವನ್ನೂ ಬಿಡುತ್ತದೆ. ಆಮೆಗೆ ಬೇಕಾದ ಆ ಕಿರಣವನ್ನು ಮಾತ್ರ ತಡೆಯುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಅತಿನೇರಳೆ ಕಿರಣದ ಅಳತೆಗೆ ಗಾಜಿನ ಪಾತ್ರೆ ಬಳಸಬಾರದು, ಸ್ಫಟಿಕ ಶಿಲೆಯದನ್ನೇ ಬಳಸಬೇಕು ಎಂದು ಲ್ಯಾಬಿನಲ್ಲಿ ಕಿರಿಯರಿಗೆ ಹೇಳಿಕೊಡುತ್ತಿದ್ದವಳು ನಾನು. ಲ್ಯಾಬಿನ ತಿಳಿವಳಿಕೆ ಲ್ಯಾಬಿನಲ್ಲೇ ಉಳಿದಿತ್ತು. ಮನೆಯ ಕಿಟಕಿಯ ಮುಂದೆ ನಾನು ಮೈಸೂರಿನವಳಾಗಿಯೇ ಇದ್ದೆ.

ತೊಟ್ಟಿಯನ್ನು ಕಿಟಕಿಯ ಕಡೆ ಎಳೆದೆ. ವೈರು ಮಂಚದ ಕಾಲಿಗೆ ಸಿಕ್ಕಿಕೊಂಡಿತು, ದೀಪದ ಪಟ್ಟಿ ಜಗ್ಗಿತು, ಬಿಳಿ ಟ್ಯೂಬ್ ನೆಲಕ್ಕೆ ಬಿದ್ದು ಒಡೆಯಿತು. ಬಿಸ್ಕೆಟ್ ತಲೆ ಒಳಗೆಳೆದುಕೊಂಡ. ಅವನಿಗೇನೂ ಆಗಲಿಲ್ಲ — ಅಂದುಕೊಂಡೆ. ಚೂರುಗಳನ್ನು ಗುಡಿಸಿದೆ. ಬಿಸಿಲಿದೆಯಲ್ಲ, ಸಾಕು ಎಂದುಕೊಂಡೆ. ಮೈಸೂರಿಗೆ ಫೋನ್ ಮಾಡಬಹುದಾಗಿತ್ತು. ಮದುವೆ ಮನೆ, ಗದ್ದಲ, ಸುಮ್ಮನೆ ಯಾಕೆ — ಎಂದು ಮಾಡಲಿಲ್ಲ.

ಅವರು ಮರಳುವ ಹಿಂದಿನ ದಿನ ಖಾಲಿ ಪಟ್ಟಿ ಕಣ್ಣಿಗೆ ಚುಚ್ಚಿತು. ಸರಿಯಾದ ಟ್ಯೂಬ್ ತರಿಸಲು ಸಮಯವಿರಲಿಲ್ಲ. ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಉದ್ದದ, ಅದೇ ದಪ್ಪದ ಟ್ಯೂಬ್ ಸಿಕ್ಕಿತು. ಆಮೇಲೆ ಮಾಡಿದ್ದನ್ನು ಮೊದಲೇ ಹೇಳಿದ್ದೇನೆ. ಸರಿಯಾದದ್ದು ಬಂದೊಡನೆ ಬದಲಿಸೋಣ ಎಂದುಕೊಂಡಿದ್ದೆ, ತರಿಸಲೇ ಇಲ್ಲ. ಒಂದು ವಾರ ಮುಂದೂಡಿದ ಮೇಲೆ ಅದರ ಬಗ್ಗೆ ಯೋಚಿಸದೇ ಇರುವುದು ಅಭ್ಯಾಸವಾಯಿತು.

ಚಳಿಗಾಲದ ಹೊತ್ತಿಗೆ ಬಿಸ್ಕೆಟ್ ಹಿಂಗಾಲುಗಳನ್ನು ಎಳೆಯತೊಡಗಿದ. ಚಿಪ್ಪು ಹೆಬ್ಬೆರಳಿನಿಂದ ಒತ್ತಿದರೆ ಮೆತ್ತಗೆ ತಗ್ಗುತ್ತಿತ್ತು. ಪ್ರಾಣಿವೈದ್ಯೆ ನೋಡಿ, ಸುಣ್ಣದಂಶ ಮೈಗೆ ಹತ್ತುತ್ತಿಲ್ಲ ಎಂದರಂತೆ. ದೀಪ ಸರಿಯಿದೆಯೇ, ಸೊಪ್ಪಿನ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸುತ್ತೀರಾ ಎಂದು ಕೇಳಿದರಂತೆ. ದೀಪ ಹೊಸದು, ಊರಿಗೆ ಹೋಗುವ ಮೊದಲಷ್ಟೇ ಹಾಕಿಸಿದ್ದು ಎಂದು ಅಂಕಲ್ ಖಚಿತವಾಗಿ ಹೇಳಿದರಂತೆ. ಹಾಗಾದರೆ ಉಳಿದದ್ದು ಪುಡಿ. ಪುಡಿ ನಿಧಿಯ ಕೆಲಸ.

ಆ ಸಂಜೆ ಊಟದ ಮೇಜಿನಲ್ಲಿ ನಾವು ನಾಲ್ವರೂ ಇದ್ದೆವು.

“ದಿನಾ ಒಂದು ಚಿಟಿಕೆ ಪುಡಿ ಹಾಕೋಕೆ ಏನಮ್ಮ ಕಷ್ಟ ನಿನಗೆ?” ಎಂದರು ಅಂಕಲ್. “ಇಬ್ಬರು ಡಾಕ್ಟರ್ ಇರೋ ಮನೇಲಿ ಒಂದು ಆಮೆಗೆ ಇಂಥ ಗತಿ ಅಂದ್ರೆ ನಾಳೆ ನನ್ನ ಪೇಶೆಂಟ್‌ಗಳು ಓಡಿಹೋಗ್ತಾರೆ.”

“ಹಾಕಿದ್ದೆ,” ಎಂದಳು ನಿಧಿ.

“ದಿನಾ?”

“ದಿನಾ.” ಸ್ವಲ್ಪ ತಡೆದು, “ಹಾಕಿದ್ದೆ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ?” ಅಂಕಲ್ ನನ್ನತ್ತ ತಿರುಗಿದರು. “ರೇವತಿ, ನೀನಾದ್ರೂ ನೋಡಿದ್ಯಾ, ಇವಳು ಹಾಕ್ತಿದ್ದಿದ್ದು?”

ನೋಡಿದ್ದೆ. ಪ್ರತಿ ಬೆಳಿಗ್ಗೆ ಯೂನಿಫಾರ್ಮಿನಲ್ಲಿ, ಪಾಯಸಕ್ಕೆ ಏಲಕ್ಕಿ ಹಾಕುವವಳ ಗಂಭೀರತೆಯಲ್ಲಿ, ಅವಳು ಚಿಟಿಕೆ ಹಿಡಿದು ಸೊಪ್ಪಿನ ಮೇಲೆ ಉದುರಿಸುತ್ತಿದ್ದದ್ದನ್ನು ಕಾಫಿ ಲೋಟ ಹಿಡಿದು ಎಷ್ಟು ಸಲ ನೋಡಿದ್ದೆನೋ. ಹೌದು ಎಂದರೆ ಮುಂದಿನ ಪ್ರಶ್ನೆ ದೀಪದ್ದು. ಅಷ್ಟು ದೂರ ನನ್ನ ತಲೆ ಆ ಕ್ಷಣದಲ್ಲೇ ಲೆಕ್ಕ ಹಾಕಿತು.

“ಗಮನಿಸಿಲ್ಲ, ಅಂಕಲ್,” ಎಂದೆ.

ನಿಧಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ — ಅದೇ ಇವತ್ತಿಗೂ ಚುಚ್ಚುವುದು — ಅವಳು ನನ್ನ ಮಾತನ್ನು ನಂಬಿದ್ದಳು. ರೇವತಿ ಅಕ್ಕ ಗಮನಿಸಿಲ್ಲ ಎಂದರೆ ತಾನು ಹಾಕಿರಲಿಕ್ಕಿಲ್ಲ ಎಂದು ಅವಳು ನಂಬಿದ್ದು ನನಗೆ ಕಾಣಿಸಿತು.

ಆ ವಾರವೇ ಸರಿಯಾದ ಟ್ಯೂಬ್ ತರಿಸಿ, ಅವಳು ಶಾಲೆಗೆ ಹೋಗಿದ್ದಾಗ ಬದಲಿಸಿದೆ. ಪುಡಿ ಹಾಕುವುದನ್ನು ಅಂಕಲ್ ತಾವೇ ವಹಿಸಿಕೊಂಡರು. ಬಿಸ್ಕೆಟ್ ನಿಧಾನವಾಗಿ ಚೇತರಿಸಿಕೊಂಡ. ಚಿಪ್ಪು ಗಟ್ಟಿಯಾಯಿತು, ಬೆನ್ನ ಮೇಲೆ ಒಂದೆರಡು ಉಬ್ಬುತಗ್ಗು ಉಳಿದವು, ಅಷ್ಟೆ. “ನೋಡಿದ್ಯಾ, ಪುಡಿ ಹಾಕಿದ ಮೇಲೆ ಹೇಗಾದ!” ಎಂದರು ಅಂಕಲ್ ಖುಷಿಯಿಂದ. ಅವನು ಗುಣವಾದಷ್ಟೂ ನಿಧಿಯ ತಪ್ಪು ಸಾಬೀತಾಗುತ್ತ ಹೋಯಿತು. ಅವನನ್ನು ಬದುಕಿಸಿದ ನನ್ನ ಕೈಯೇ ಅವಳ ಮೇಲೆ — ಈ ವಾಕ್ಯವನ್ನು ಹಲವು ಸಲ ಬರೆದು ನೋಡಿದೆ, ಮುಗಿಸಲು ಆಗುತ್ತಿಲ್ಲ.

ನಾನು ಓದು ಮುಗಿಸಿ ಲೀಡ್ಸಿಗೆ ಕೆಲಸಕ್ಕೆ ಹೋದೆ. ಹಬ್ಬಕ್ಕೆ ಕರೆದರೆ ಬರುತ್ತಿದ್ದೆ. ಈ ಅಕ್ಟೋಬರಿನಲ್ಲಿ ನವರಾತ್ರಿಗೆಂದು ಒಂದು ಶನಿವಾರ ಹೋದಾಗ, ಸುಧಾ ಆಂಟಿ ಕಡಲೆ ಉಸಲಿಗೆ ಒಗ್ಗರಣೆ ಹಾಕುತ್ತ ಹೇಳಿದರು:

“ನಿಧಿ ವೆಟರ್ನರಿ ಓದಲ್ವಂತೆ ಕಣೆ. ಚಿಕ್ಕವಳಿದ್ದಾಗಿಂದ ಅದೊಂದೇ ಜಪ ಮಾಡ್ತಿದ್ಲು. ಮಾರ್ಕ್ಸ್ ಇದೆ, ಮೇಷ್ಟ್ರುಗಳೆಲ್ಲ ಹಾಕು ಹಾಕು ಅಂತಿದಾರೆ. ಅರ್ಜಿ ಹಾಕೋಕೆ ಇನ್ನು ಸ್ವಲ್ಪ ದಿನ ಇದೆ ಅಷ್ಟೇ, ಈಗ ಅಕೌಂಟಿಂಗ್ ಅಂತಾಳೆ.”

“ಯಾಕಂತೆ?”

“ಬಾಯಿಲ್ಲದ ಪ್ರಾಣೀನ ನನ್ನ ಕೈಗೆ ಕೊಡಬಾರದು ಅಂತಾಳೆ. ಬಿಸ್ಕೆಟ್ ವಿಷಯ ಇನ್ನೂ ಮನಸ್ಸಲ್ಲಿಟ್ಕೊಂಡಿದಾಳೆ ನೋಡು. ಮಕ್ಕಳು ಮರೀತಾರೆ, ತಪ್ಪು ಮಾಡ್ತಾರೆ, ಅದಕ್ಯಾಕೆ ಇಷ್ಟು!”

ಒಗ್ಗರಣೆ ಸಿಡಿಯುತ್ತಿತ್ತು. ಅಲ್ಲೇ ಹೇಳಬಹುದಿತ್ತು. ಆದರೆ ಮೊದಲು ಕೇಳುವ ಹಕ್ಕು ಇನ್ನೊಬ್ಬಳದು ಎನ್ನಿಸಿತು. ಮೆಟ್ಟಿಲು ಹತ್ತಿದೆ.

ನಿಧಿಗೆ ಈಗ ಹದಿನೇಳು; ನನಗಿಂತ ಎತ್ತರ. ಬಿಸ್ಕೆಟ್ ಅವಳ ಮೇಜಿನ ಪಕ್ಕದ ದೊಡ್ಡ ತೊಟ್ಟಿಯಲ್ಲಿ, ಬಿಸಿ ಕಲ್ಲಿನ ಮೇಲೆ ಕಾಲು ಚಾಚಿ ಮಲಗಿದ್ದ. ನಾನು ಬಾಗಿಲು ಮುಂದೆ ಮಾಡಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ಬಿಸಿಲು, ವೈರು, ಒಡೆದ ಟ್ಯೂಬು, ಅಳಿಸಿದ ಅಕ್ಷರ, ‘ಗಮನಿಸಿಲ್ಲ’.

“ಅಂದ್ರೆ ಪುಡಿ ನಾನು ಹಾಕಿದ್ದೆ,” ಎಂದಳು ಕೊನೆಗೆ.

“ದಿನಾ ಹಾಕಿದ್ದೆ. ನಾನು ನೋಡಿದ್ದೆ.”

ಅವಳು ಕುರ್ಚಿ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿದಳು. ಭುಜ ಅಲುಗಿತು. ಹತ್ತಿರ ಹೋಗಲು ನನಗೆ ಅರ್ಹತೆ ಇರಲಿಲ್ಲ, ನಿಂತೇ ಇದ್ದೆ.

“ನನಗೇ ಹುಚ್ಚು ಅಂದ್ಕೊಂಡಿದ್ದೆ,” ಎಂದಳು. “ಹಾಕಿದ ಹಾಗೆ ನೆನಪಿರೋದು ಬರೀ ನನ್ನ ಕಲ್ಪನೆ ಅಂತ. ಈಗಲೂ ಬಾಗಿಲು ಹಾಕಿದ್ನಾ ಅಂತ ಮೂರು ಸಲ ವಾಪಸ್ ಹೋಗಿ ನೋಡ್ತೀನಿ, ಗೊತ್ತಾ ನಿಮಗೆ?”

“ಗೊತ್ತಿರಲಿಲ್ಲ. ನಿಧಿ, ನಾನು —”

“ಸಾರಿ ಅನ್ನಬೇಡಿ. ಪ್ಲೀಸ್. ಈಗಲೇ ಬೇಡ.”

ಅವಳು ಕಣ್ಣೊರೆಸಿಕೊಂಡು ತೊಟ್ಟಿಯ ಹತ್ತಿರ ಬಗ್ಗಿ ಬಿಸ್ಕೆಟ್‌ನ ಬೆನ್ನಿನ ಉಬ್ಬಿನ ಮೇಲೆ ಬೆರಳಾಡಿಸಿದಳು.

“ಹಾಗಾದ್ರೆ ಬೇಸಿಗೆಯಿಂದ ಚಳಿಗಾಲದ ತನಕ ಅವನಿಗೆ ಆ ಕಿರಣ ಒಂಚೂರೂ ಇರಲಿಲ್ಲ.”

“ಇರಲಿಲ್ಲ.”

“ನಾವು ಊರಲ್ಲಿದ್ದಾಗ ಬಿಸಿ ದೀಪ ಸರಿಯಿತ್ತಾ? ತಿಂತಿದ್ನಾ?”

“ಎರಡೂ ಸರಿಯಿತ್ತು.”

“ಅದಕ್ಕೇ ಅಷ್ಟು ದಿನ ಗೊತ್ತಾಗಿಲ್ಲ.” ಅವಳ ದನಿ ಬದಲಾಗಿತ್ತು; ನನ್ನನ್ನು ಮರೆತು ತನ್ನೊಳಗೇ ಏನನ್ನೋ ಜೋಡಿಸುತ್ತಿದ್ದಳು. “ಅಷ್ಟಾದ ಮೇಲೂ ಕಾಲು ಪೂರ್ತಿ ಸರಿಹೋಗಿದೆ. ಗಟ್ಟಿ ಜೀವ ಕಣೋ ನೀನು.” ಕೊನೆಯ ಮಾತನ್ನು ಬಿಸ್ಕೆಟ್‌ಗೆ, ಕನ್ನಡದಲ್ಲೇ ಹೇಳಿದಳು.

ಆ ಕ್ಷಣದಲ್ಲಿ ನನಗೆ ಆದದ್ದು ಸಮಾಧಾನವೋ ನಾಚಿಕೆಯೋ ಹೇಳಲಾರೆ. ಇವಳು ಅಕೌಂಟೆಂಟ್ ಆಗುವವಳಲ್ಲ ಎಂಬುದಂತೂ ಸ್ಪಷ್ಟವಾಗಿ ಕಾಣುತ್ತಿತ್ತು.

ನಾನು ಕೋಣೆಯಿಂದ ಹೊರಡುವಾಗ ಅವಳು ತಲೆಯೆತ್ತದೆ ಅಂದಳು: “ನನಗೆ ಹೇಳಿದ್ದು ಸಾಕಾಗಲ್ಲ, ಅಕ್ಕ. ಅಪ್ಪ ನನ್ನನ್ನ ಕೇಳಿದ್ದು ಎಲ್ಲರ ಮುಂದೆ. ನೀವೂ ಎಲ್ಲರ ಮುಂದೆ ಹೇಳಿ.”

ಆಗಲಿ ಎಂದೆ. ಅಂಕಲ್ ಅಂದು ಸ್ನೇಹಿತರ ಮನೆಗೆ ಹೋಗಿದ್ದರು.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಇಳಿದಾಗ ಅಂಕಲ್ ಹಾಲು ಕಾಯಿಸುತ್ತಿದ್ದರು. “ಏನಮ್ಮ, ಲೀಡ್ಸ್‌ನಲ್ಲಿ ಭಾನುವಾರಾನೂ ಇಷ್ಟು ಬೇಗ ಏಳ್ತಾರಾ?” ಎಂದರು. ಆಂಟಿಯನ್ನು ಕರೆದೆ. ನಿಧಿ ಆಗಲೇ ಬಂದು ಊಟದ ಮೇಜಿನಲ್ಲಿ ತನ್ನ ಜಾಗದಲ್ಲಿ ಕೂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಹಾಲಿನ ಕೆಳಗಿನ ಉರಿಯನ್ನು ಆರಿಸಿ, ಅಂಕಲ್‌ಗೆ ಕುರ್ಚಿ ಎಳೆದು ಕೊಟ್ಟೆ.

“ಬಿಸ್ಕೆಟ್ ಕಾಯಿಲೆ ಬಿದ್ದದ್ದು ನಿಧಿಯಿಂದಲ್ಲ, ನನ್ನಿಂದ,” ಎಂದೆ. ಆಮೇಲೆ ಕೂತುಕೊಂಡು, ಏನನ್ನೂ ಬಿಡದೆ, ಮೊದಲಿನಿಂದ ಹೇಳಿದೆ.