ಕತ್ತರಿಗೆ ಹೋದ ಮಾದೇವಮ್ಮನ ಕರೆ

ವಿಡಿಯೋ ಗೇಮ್‌ಗಳಿಗೆ ಕಥೆ ಬರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡು ಆಗ ಆರನೇ ವರ್ಷ ನಡೆದಿತ್ತು. ಮೈಸೂರಿನ ಸಣ್ಣ ಸ್ಟುಡಿಯೋವೊಂದರಲ್ಲಿ ಪಾತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವಿಭಾಗದಲ್ಲಿ ಇದ್ದದ್ದು ನಾನೊಬ್ಬಳೇ, ಆದರೂ ಮುಖ್ಯಸ್ಥೆ. ನಾವು ಆಗ ಕಾಡಂಚಿನ ಹಳ್ಳಿಯಲ್ಲಿ ನಡೆಯುವ ಕನ್ನಡ ಗೇಮ್ ಒಂದನ್ನು ಮಾಡುತ್ತಿದ್ದೆವು. ಅದರಲ್ಲಿ ಗದ್ದೆ ಕಾಯುವ ಮುದುಕಿಯೊಬ್ಬಳಿದ್ದಳು. ಆಟಗಾರ ಹತ್ತಿರ ಬಂದಾಗಲೆಲ್ಲ ಅವಳು ಒಂದು ತುಂಡು ಮಾತು ಆಡಬೇಕು. ಇಂಥ ತುಂಡು ಮಾತಿಗೆ ನಮ್ಮ ಕಸುಬಿನಲ್ಲಿ ‘ಬಾರ್ಕ್’ ಎನ್ನುತ್ತಾರೆ. ಮುದುಕಿಗಾಗಿ ನಾನು ಅರವತ್ನಾಲ್ಕು ಬಾರ್ಕ್ ಬರೆದಿದ್ದೆ.

ನಟಿಯರಿಂದ ಹೇಳಿಸಿದರೆ ಮಾತು ನಾಟಕದ್ದಾಗುತ್ತಿತ್ತು. ಹಾಗಾಗಿ ವಯನಾಡಿನ ಚೇಕಾಡಿಗೆ ಹೋದೆ. ಪುಲ್ಪಳ್ಳಿಯಿಂದ ಕಾಡು ದಾಟಿದರೆ ಸಿಗುವ, ಮೂರು ಕಡೆ ಮರ, ನಡುವೆ ಗಂಧಕಶಾಲೆ ಭತ್ತದ ಗದ್ದೆಯಿರುವ ಊರು. ಅಲ್ಲಿ ಮಾದೇವಮ್ಮ ಸಿಕ್ಕರು. ಹಿರಿಯರು ಮೈಸೂರು ಸೀಮೆಯ ಕೋಟೆ ಕಡೆಯಿಂದ ಬಂದವರು. ಮನೆಯಲ್ಲಿ ಕನ್ನಡ, ಹೊರಗೆ ಮಲಯಾಳ. ಕಲಿತ ಅಕ್ಷರವೂ ಮಲಯಾಳದ್ದೇ. ನನ್ನ ಕನ್ನಡದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ನೀ ಹೇಳು ಮೋಳೇ, ನಾ ಹಂಗೇ ಹೇಳ್ತೀನಿ” ಎಂದರು. ಮಗಳೇ ಎಂದು ಕರೆಸಿಕೊಂಡ ಮೇಲೆ ನನಗೆ ಸಂಕೋಚ ಉಳಿಯಲಿಲ್ಲ.

ಮೂರು ದಿನ ಅವರ ಜಗುಲಿಯ ಮೇಲೆ ಮೈಕ್ ಇಟ್ಟುಕೊಂಡು ಕೂತೆವು. ನಾನು ಒಂದು ಸಾಲು ಹೇಳುವುದು, ಅವರು ಅದನ್ನು ತಮ್ಮ ಬಾಯಲ್ಲಿ ಹಾಕಿ ತಿರುಗಿ ಹೇಳುವುದು. ಕೆಲಸ ಸಲೀಸಾಗಿ ಸಾಗಬೇಕಿತ್ತು. ಆದರೆ ನಾಲ್ಕು ಸಾಲಿಗೊಮ್ಮೆ ಮಾದೇವಮ್ಮ ಮೈಕ್ ಬಿಟ್ಟು ಅಂಗಳದ ಕಡೆ ತಿರುಗಿ, “ಇವ್ರೇ, ಊಟಕ್ಕೆ ಬನ್ನಿ”, “ಇವ್ರೇ, ತಲೆಗೆ ಬಟ್ಟೆ ಕಟ್ಕೊಳಿ” ಎಂದು ಗಂಡನನ್ನು ಕರೆಯುವರು. ಗದ್ದೆ ಬದುವಿನಿಂದ ಪುಟ್ಟಯ್ಯನವರು “ಬಂದೆ” ಎನ್ನುವರು. ಎನ್ನುವುದಷ್ಟೇ, ಬರುತ್ತಿರಲಿಲ್ಲ. ಮೂರನೇ ದಿನ ನನಗೆ ರೇಗಿತು.

“ಅಮ್ಮಾ, ಮಧ್ಯದಲ್ಲಿ ಕರೀಬೇಡಿ. ರೆಕಾರ್ಡಿಂಗ್ ಎಲ್ಲ ಹಾಳಾಗ್ತಿದೆ.”

“ಶರಿ ಮೋಳೇ, ಕರಿಯಲ್ಲ” ಎಂದರು. ಎರಡು ಸಾಲು ಮುಗಿಯುವುದರೊಳಗೆ ಮತ್ತೆ ಕರೆದರು. ಆಮೇಲೆ ನಾಚಿಕೊಂಡು ಸೆರಗು ಬಾಯಿಗಿಟ್ಟುಕೊಂಡರು. ಹುಟ್ಟುಗುಣ ಎಂದು ಸುಮ್ಮನಾದೆ.

ಮೈಸೂರಿಗೆ ಬಂದು ಕತ್ತರಿ ಹಿಡಿದೆ. ಆರು ಗಂಟೆಯ ಧ್ವನಿಯಲ್ಲಿ ಹನ್ನೊಂದು ನಿಮಿಷ ಉಳಿಸಿದೆ. ಮಿಕ್ಕಿದ್ದಕ್ಕೆ ‘ಕಸ’ ಎಂದು ಹೆಸರಿಟ್ಟು ಒಂದು ಫೋಲ್ಡರಿಗೆ ಹಾಕಿದೆ. ಹಾರ್ಡ್ ಡಿಸ್ಕ್ ತುಂಬಿದಾಗ ಅದನ್ನು ಅಳಿಸಿದವಳೂ ನಾನೇ. ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಗೇಮನ್ನು ಪರೀಕ್ಷೆಗೆ ಆಡಿದವರು ಮುದುಕಿಯ ಬಗ್ಗೆ ಒಂದೇ ದೂರು ಬರೆದರು: ಧ್ವನಿ ಚೆನ್ನಾಗಿದೆ, ಆದರೆ ಈಕೆಗೆ ಬೇರೆ ಬದುಕೇ ಇಲ್ಲ, ನಾವು ಬರಲೆಂದೇ ನಿಂತ ಹಾಗಿದೆ. ಇವರಿಗೇನು ಗೊತ್ತು ಎಂದುಕೊಂಡು ಆ ಹಾಳೆಯನ್ನು ಪಕ್ಕಕ್ಕಿಟ್ಟೆ.

ಗೇಮ್ ಹೊರಬರುವ ಮೊದಲೇ ಚೇಕಾಡಿಯಿಂದ ಅವರ ಮಗಳ ಫೋನ್ ಬಂತು. ನಾಲ್ಕು ದಿನದ ಜ್ವರದಲ್ಲಿ ಮಾದೇವಮ್ಮ ಹೋಗಿಬಿಟ್ಟಿದ್ದರು. “ಅಮ್ಮನ ಒಚ್ಚೆ, ದನಿ, ನಿಮ್ಮತ್ರ ಉಂಟಲ್ಲ ಚೇಚಿ? ಅಪ್ಪ ಕೇಳ್ತಾವ್ರೆ. ಫೋನಲ್ಲೂ ಅಮ್ಮ ಮಾತಾಡಿದ್ದು ಯಾವ್ದೂ ಇಲ್ಲ” ಎಂದಳು. ಅಳುತ್ತಲೇ ‘ಇದೆ’ ಎಂದೆ. ಇಂಥ ಹೊತ್ತಿನಲ್ಲಿ ಕೊಡಲು ನನ್ನ ಬಳಿ ಏನೋ ಇದೆಯಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಲ್ಯಾಪ್‌ಟಾಪ್ ಹಿಡಿದು ಹೋದೆ. ಅದೇ ಜಗುಲಿ. ಪುಟ್ಟಯ್ಯನವರು ಗೋಡೆಗೆ ಒರಗಿ ಹನ್ನೊಂದು ನಿಮಿಷವೂ ಅಲುಗಾಡದೆ ಕೇಳಿದರು. “ಯಾರಪ್ಪಾ, ಯಾವೂರು?” “ಆ ಕಡೆ ಆನೆ ಅದೆ, ಸುತ್ತಾಕಿ ಹೋಗು.” “ನೀರು ಕುಡಿದು ಹೋಗಪ್ಪಾ.” ಎಲ್ಲ ಮುಗಿದ ಮೇಲೆ ಕೇಳಿದರು:

“ಇದೆಲ್ಲ ದಾರೀಲಿ ಹೋಗೋರ್ನ ಮಾತಾಡ್ಸಿರದು. ನನ್ನ ಕರ್ದಿದ್ದು ಎಲ್ಲವ್ವ?”

ಅಳಿಸಿದ್ದೇನೆ ಎಂದು ಹೇಳಲೇಬೇಕಿತ್ತು, ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. “ಹೋಗ್ಲಿ ಬುಡವ್ವ, ನಿಂಗೇನು ಗೊತ್ತು” ಎಂದರು.

ಆಗ ನೆನಪಾಯಿತು. ನಲವತ್ತೊಂದನೇ ಸಾಲಿನ ಕೊನೆಯನ್ನು ನಾನು ಸರಿಯಾಗಿ ಕತ್ತರಿಸಿರಲಿಲ್ಲ. ನಮ್ಮ ಸೌಂಡ್ ಎಂಜಿನಿಯರ್ ಎರಡು ಸಲ ಅದನ್ನು ತೋರಿಸಿದ್ದರೂ ಸೋಮಾರಿತನದಿಂದ ಹಾಗೇ ಬಿಟ್ಟಿದ್ದೆ. ಹುಡುಕಿ ಹಾಕಿದೆ. “ನೀರು ಕುಡಿದು ಹೋಗಪ್ಪಾ” ಆದಮೇಲೆ ಒಂದು ಉಸಿರು, ಹಿಂದೆಯೇ “ಇವ್—”. ಅರ್ಧ ಸೆಕೆಂಡೂ ಇಲ್ಲ. ಮೊದಲ ಸಲ ಅವರಿಗದು ಕೇಳಿಸಿರಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿ ಮತ್ತೆ ಹಾಕಿದೆ.

“ಬಂದೆ” ಎಂದರು ಪುಟ್ಟಯ್ಯನವರು. ಎಂದವರು ಈ ಸಲ ಗೋಡೆ ಹಿಡಿದು ಎದ್ದೇ ನಿಂತರು. ಎದ್ದಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಜಗುಲಿಯ ಅಂಚಿನಲ್ಲಿ ಹಾಗೇ ನಿಂತಿದ್ದರು. ಮಗಳು ಬಂದು ಕೈಹಿಡಿದು ಕೂರಿಸಿದಳು.

ಪಾತ್ರ ನಂಬುವಂತಿರಬೇಕಾದರೆ ಏನು ಮಾಡಬೇಕು ಎಂದು ಈಗ ಕಲಿಯಲು ಬರುವವರು ಕೇಳುತ್ತಾರೆ. ಪಾತ್ರದ ವಯಸ್ಸು, ಊರು, ವೃತ್ತಿ ಎಲ್ಲ ಆಮೇಲೆ ಬರೆಯಿರಿ, ಈ ಮನುಷ್ಯ ದಿನಕ್ಕೆ ಹತ್ತು ಸಲ ಯಾರನ್ನು ಕರೆಯುತ್ತಾನೆ ಎನ್ನುವುದನ್ನು ಮೊದಲು ಬರೆಯಿರಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನಾನು ಇದನ್ನು ಎಲ್ಲಿ ಕಲಿತೆ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.