ಎಡಗಾಲು ಕಲಿತ ಚಳಿಗಾಲ

ನಾನು ಎಂಟನೆಯ ತರಗತಿಯಲ್ಲಿದ್ದ ಆ ದಿನಗಳಲ್ಲಿ ನಮ್ಮ ಮನೆಗೆ ಬಂದ ಯಾವ ನೆಂಟರೂ ನನ್ನನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, ಏನಾದರೊಂದು ಅನ್ನದೆ ಚಹಾದ ಬಸಿಗೆ ಬಾಯಿ ಹಚ್ಚುತ್ತಿರಲಿಲ್ಲ. “ಹುಡುಗಿ ಕಪ್ಪಾಗ್ಯಾಳಲ್ಲ” ಎಂದು ಒಬ್ಬರು. “ಎತ್ತರ ಇಷ್ಟಕ್ಕೇ ನಿಲ್ತೇನು?” ಎಂದು ಇನ್ನೊಬ್ಬರು. “ರೊಟ್ಟಿ ಬಡೀಲಾಕ ಬರ್ತದೋ ಇಲ್ಲೋ?” ಎಂದು ಮತ್ತೊಬ್ಬರು. ಓದುತ್ತಿರುವ ನಿಮ್ಮಲ್ಲೂ ಅನೇಕರು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಇಂಥ ತೀರ್ಪುಗಳನ್ನು ಕೇಳಿಸಿಕೊಂಡಿರಬಹುದು. ನನ್ನಲ್ಲಿ ನೋಡುವುದಕ್ಕೆ ಇರುವುದು ಇಷ್ಟೇ ಎಂದು ನಾನೂ ನಂಬಿಬಿಟ್ಟಿದ್ದೆ. ಆ ವರ್ಷದ ಚಳಿಗಾಲದಲ್ಲಿ ಒಬ್ಬರು ನನ್ನನ್ನು ಬೇರೆ ಕಣ್ಣಿನಿಂದ ನೋಡಿದರು.

ನಮ್ಮ ಮನೆ ಕಲಬುರಗಿಯ ಅಂಚಿನ ತಾಜಸುಲ್ತಾನಪುರದಲ್ಲಿತ್ತು. ಅಪ್ಪ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಯಂತ್ರದ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದಾಗ ಅವನ ಕಣ್ರೆಪ್ಪೆಯ ಮೇಲೂ ತೊಗರಿಯ ಹಳದಿ ಹುಡಿ ಕೂತಿರುತ್ತಿತ್ತು. ಅವ್ವ, ಅಪ್ಪನ ತಾಯಿಯಾದ ಆಯಿ ಮತ್ತು ನಾನು, ಇಷ್ಟೇ ಸಂಸಾರ. ನಾನು ಬಸ್ಸಿನಲ್ಲಿ ಊರೊಳಗಿನ ಶಾಲೆಗೆ ಹೋಗಿ ಬರುತ್ತಿದ್ದೆ.

ದೀಪಾವಳಿ ರಜೆ ಮುಗಿಸಿ ಹೋದ ದಿನ, ಆಟ ಕಲಿಸುವ ಜಗದೇವಿ ಟೀಚರ್ ಯಾವುದೋ ತರಬೇತಿಯಿಂದ ಒಂದು ಚೀಲ ಹೊತ್ತು ತಂದಿದ್ದರು. ಮೈದಾನದಲ್ಲಿ ಅದನ್ನು ಬೋರಲು ಹಾಕಿದರೆ ಕೆಂಪು ತೊಗಲಿನ ಚೆಂಡುಗಳು ಉರುಳಿದವು. ಉರುಳಿದವು ಎನ್ನುವುದೂ ತಪ್ಪು, ಕುಂಟಿದವು. ಎರಡೂ ತುದಿ ಚೂಪು, ನಡುವೆ ಹೊಟ್ಟೆ.

“ಇದೇನ್ರೀ ಟೀಚರ್, ಚೆಂಡಿನ ಮ್ಯಾಲೆ ಯಾರರ ಕುಂತಿದ್ರೇನು?” ಎಂದಳು ನನ್ನ ಗೆಳತಿ ರಜಿಯಾ. ಅವಳು ತರಗತಿಯಲ್ಲೇ ಎತ್ತರದ ಹುಡುಗಿ, ಬಾಯಿಯೂ ಅಷ್ಟೇ ಎತ್ತರ.

“ಇದು ಆಸ್ಟ್ರೇಲಿಯಾದ ಫುಟ್‌ಬಾಲ್” ಎಂದರು ಟೀಚರ್. “ಒದೀಬಹುದು, ಕೈಯಾಗ ಹಿಡಕೊಂಡು ಓಡಬಹುದು. ಒಗೀಲಾಕ ಮಾತ್ರ ಬರಂಗಿಲ್ಲ. ಒಂದು ಕೈಯಾಗ ಇಟ್ಟು ಇನ್ನೊಂದು ಮುಷ್ಟಿಲೆ ಗುದ್ದಿ ಕೊಡಬೇಕು.”

“ಗುದ್ದಲಾಕ ಬಿಡ್ತಾರ?” ರಜಿಯಾಳ ಮುಖ ಅರಳಿತು.

“ಚೆಂಡಿಗೆ ಗುದ್ದಬೇಕವ್ವಾ, ಮಂದಿಗಲ್ಲ.”

ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಬಿದಿರು ಗಳ ನೆಟ್ಟೆವು. ನಡುವಿನ ಎರಡು ಗಳಗಳ ಮಧ್ಯೆ ಒದ್ದರೆ ಗೋಲು. ನಮ್ಮದು ಎರೆಮಣ್ಣಿನ ನೆಲ, ಚಳಿಗಾಲಕ್ಕೆ ಬಿರುಕು ಬಿಡುವ ನೆಲ. ಆ ಕುಂಟು ಚೆಂಡು ಬಿರುಕಿನ ಅಂಚಿಗೆ ಬಿದ್ದರೆ ಯಾವ ಕಡೆ ಪುಟಿಯುತ್ತದೆಂದು ದೇವರಿಗೇ ಗೊತ್ತು. ಎಲ್ಲರೂ ಚೆಂಡು ಇದ್ದಲ್ಲಿಗೆ ನುಗ್ಗಿ ಒಬ್ಬರ ತಲೆ ಒಬ್ಬರಿಗೆ ಬಡಿದು ಬೀಳುತ್ತಿದ್ದರು. ನಾನು ಅರೆಕ್ಷಣ ತಡೆದು, ಅದು ಹಾರಿ ಬರುವಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ಹೇಗೆ ತಿಳಿಯುತ್ತಿತ್ತು ಎಂದರೆ ಇವತ್ತಿಗೂ ಹೇಳಲಾರೆ. ಚೆಂಡು ಬಂದು ಎದೆಗೆ ಬೀಳುತ್ತಿತ್ತು, ಅಷ್ಟೇ.

ಒಂದು ವಾರ ನೋಡಿದ ಟೀಚರ್ ನನ್ನ ಹೆಗಲು ಹಿಡಿದು ಮೈದಾನದ ನಟ್ಟನಡುವೆ ನಿಲ್ಲಿಸಿದರು. “ಮಾದೇವಿ, ನೀ ನಡುವಿನಾಕಿ. ಮನಿಯಾಗ ನಡುಮನಿ ಇರ್ತದಲ್ಲ, ಎಲ್ಲಾರೂ ಅಲ್ಲಿಂದನೇ ಹಾದು ಹೋಗಬೇಕು. ನೀ ಅದು.” ಗೋಲು ಹೊಡೆಯಲು ರಜಿಯಾ ಎದುರಿನ ಗಳಗಳ ಮುಂದೆ ನಿಂತಳು.

ಆಟ ಮುಗಿಯುವಾಗ ಬಿಸಿಲು ಕೆಂಪಾಗಿರುತ್ತಿತ್ತು. ಗೇಟಿನ ಹೊರಗೆ ಮಂಡಕ್ಕಿಯ ಸೂಸಲಾ ಕಟ್ಟಿಸಿಕೊಂಡು, ಹಸಿಮೆಣಸಿನಕಾಯಿ ಕಚ್ಚುತ್ತ ಬಸ್ಸಿಗೆ ಓಡುತ್ತಿದ್ದೆವು. ಮನೆಗೆ ಬಂದರೆ ಆಯಿ ನನ್ನ ಕೈ ಮೂಸಿ ಮುಖ ಕಿವುಚುವಳು. “ದನದ ವಾಸನಿ ಬರ್ತದಲ್ಲ ಹುಡುಗಿ. ಕೊಟಗ್ಯಾಗ ಹೋಗಿದ್ದೇನು?” ಎಷ್ಟು ಸಾಬೂನು ಹಚ್ಚಿದರೂ ಆ ತೊಗಲಿನ ವಾಸನೆ ಹೋಗುತ್ತಿರಲಿಲ್ಲ. ಹೋಗಬೇಕೆಂದು ನನಗೂ ಇರಲಿಲ್ಲ.

ಅಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ಬೈಯುವ ಮನುಷ್ಯನಲ್ಲ ಅವನು, ಚಿಂತೆ ಮಾಡುವವನು. ಬಸ್ಸು ತಪ್ಪಿದ ಒಂದು ಸಂಜೆ, ಮೊಣಕಾಲು ಹರಿದ ಚೂಡಿದಾರ, ಗದ್ದಕ್ಕೆ ತರಚಿದ ಗಾಯ, ಇವೆಲ್ಲ ಅವನ ಲೆಕ್ಕಕ್ಕೆ ಬಂದವು. “ಆಡಿದ್ದು ಸಾಕವ್ವಾ. ಮುಂದ ಹತ್ತನೇತ್ತ ಅದ” ಎಂದ ಒಂದು ದಿನ ಊಟದ ಹೊತ್ತಿಗೆ. ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ವಿಷಯ ತಿಳಿದ ಜಗದೇವಿ ಟೀಚರ್ ಒಂದು ಭಾನುವಾರ ಮನೆಗೇ ಬಂದರು. ಮುಂದಿನ ತಿಂಗಳು ಪುಣೆಯಲ್ಲಿ ದೊಡ್ಡ ಪಂದ್ಯವಿತ್ತು. ನಮ್ಮ ಭಾಗದ ಹುಡುಗಿಯರ ತಂಡ ಆರಿಸಲು ಸುಲಭಾ ಮೇಡಂ ಎಂಬುವರು ಬರುವವರಿದ್ದರು. ಕಮಲಾಪುರದ ಮೈದಾನದಲ್ಲಿ, ಎಳ್ಳ ಅಮಾವಾಸ್ಯೆಯ ದಿನ. ಆ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಗೆ ಎಡೆಯ ಚರಗ ಚೆಲ್ಲಿ ಅಲ್ಲೇ ಉಣ್ಣುವುದು.

“ಎಳ್ಳ ಅಮಾಸಿ ದಿನ ಆಟಾ?” ಅವ್ವ ಬಾಯಿಯ ಮೇಲೆ ಕೈ ಇಟ್ಟಳು.

“ಅವರು ಪುಣೆದಾಗ ಬೆಳೆದೋರ್ರೀ, ಗೊತ್ತಿಲ್ದ ಇಟ್ಟಾರ” ಎಂದರು ಟೀಚರ್ ಅಳುಕುತ್ತ.

ಆಯಿ ನಡುವೆ ಬಂದಳು. “ಚರಗ ಚೆಲ್ಲಾಕ ಪ್ರತಿ ವರ್ಷ ಎಲ್ಲಿ ಹೋಗ್ತೀವಿ? ಕಮಲಾಪುರದಾಗ ನನ್ನ ಮಗಳ ಹೊಲಕ್ಕ. ಹುಡುಗಿ ಆಡಿ ಬರ್ಲಿ, ಅಷ್ಟೊತ್ತಿಗಿ ಪೂಜಿ ಆಗ್ತದ.”

ಅಪ್ಪ ನನ್ನ ಕಡೆ ನೋಡಿದ. “ಒಂದ್ ಮಾತು. ಅವರು ಆರಿಸಿದ್ರ ಆಡು, ನಾ ಅಡ್ಡ ಬರಂಗಿಲ್ಲ. ಇಲ್ಲಂದ್ರ ಅಲ್ಲಿಗೇ ಬಿಡಬೇಕು. ಕಬೂಲ?”

“ಕಬೂಲ” ಎಂದೆ. ಆರಿಸದೆ ಹೋದಾರು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಹಬ್ಬದ ದಿನ ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಕಾಳು ಸೊಪ್ಪು ಬೆರೆಸಿದ ಭಜ್ಜಿ ಪಲ್ಯದ ಪಾತ್ರೆ ಕಟ್ಟಿಕೊಂಡು ಟೆಂಪೋ ಹತ್ತಿದೆವು. ಹುಮನಾಬಾದ ರಸ್ತೆಯ ಎರಡೂ ಬದಿ ಜನ ಬುಟ್ಟಿ ಹೊತ್ತು ಹೊಲದ ದಾರಿ ಹಿಡಿದಿದ್ದರು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಕಮಲಾಪುರದ ಅತ್ತೆ ನನ್ನ ಕೈಗೆ ತಮ್ಮ ತೋಟದ ಎರಡು ಕೆಂಪು ಬಾಳೆಹಣ್ಣು ಕೊಟ್ಟು, “ತಿಂದು ಓಡು, ದಮ್ಮು ಬರ್ತದ” ಎಂದಳು.

ಸುಲಭಾ ಮೇಡಂ ಸಣ್ಣ ಆಳು. ಕತ್ತರಿಸಿದ ಕೂದಲು, ಕುತ್ತಿಗೆಗೆ ಸೀಟಿ. ಸೊಲ್ಲಾಪುರದ ಕಡೆಯ ಕನ್ನಡದವರು, ಬೆಳೆದದ್ದು ಪುಣೆ. ಹೆಚ್ಚು ಮಾತಿಲ್ಲ, ಒಂದು ಕಡೆ ನಿಲ್ಲುತ್ತಲೂ ಇರಲಿಲ್ಲ. ಚೆಂಡಿನ ಜೊತೆ ಗೆರೆಯ ಹೊರಗೆ ತಾವೂ ಓಡುತ್ತಿದ್ದರು.

ನಮ್ಮ ಶಾಲೆಗೂ ಕಮಲಾಪುರದ ಹುಡುಗಿಯರಿಗೂ ಆಟ ಇಟ್ಟಿದ್ದರು. ಮೊದಲರ್ಧ ನನ್ನದೇ ಆಗಿತ್ತು. ಸಂಕೋಚವಿಲ್ಲದೆ ಹೇಳುತ್ತೇನೆ, ಆ ಮೈದಾನದಲ್ಲಿ ನನ್ನಷ್ಟು ಸಲ ಚೆಂಡು ಮುಟ್ಟಿದವರು ಇನ್ನೊಬ್ಬರಿರಲಿಲ್ಲ. ಗುಂಪಿನ ಕಾಲುಗಳ ನಡುವಿನಿಂದ ಚೆಂಡು ಹೆಕ್ಕಿ ತಂದೆ. ನೆಲಕ್ಕೊಮ್ಮೆ ಪುಟಿಸಿ ಓಡಿದೆ. ಆದರೆ ಸಿಕ್ಕ ಚೆಂಡನ್ನು ಬಿಡಲು ಮನಸ್ಸು ಬರುತ್ತಿರಲಿಲ್ಲ. “ಮಾದೇವಿ, ಇಧರ್ ಡಾಲ್!” ಎಂದು ರಜಿಯಾ ಎರಡೂ ಕೈ ಎತ್ತಿ ಕೂಗುತ್ತಿದ್ದರೆ, ಇನ್ನೊಬ್ಬಳನ್ನು ತಪ್ಪಿಸಿ ಕೊಡೋಣ ಎಂದು ನಾನು. ಆ ಇನ್ನೊಬ್ಬಳು ಕಮಲಾಪುರದ ಹುಡುಗಿ, ನನ್ನ ಎರಡರಷ್ಟಿದ್ದಳು. ಎಡಗಡೆಗೆ ಓಡಿದಾಗಲೆಲ್ಲ ಒದೆಯಲು ನಾನು ಬಲಕ್ಕೆ ತಿರುಗಬೇಕಾಗಿತ್ತು. ತಿರುಗುವಷ್ಟರಲ್ಲಿ ಆಕೆ ಸೊಂಟ ಹಿಡಿದು ಕೆಡವುತ್ತಿದ್ದಳು, ಈ ಆಟದಲ್ಲಿ ಅದಕ್ಕೆ ತಡೆಯಿಲ್ಲ. ಕಡೆಯ ಹೊತ್ತಿಗೆ ನನ್ನ ಎದೆ ತಿದಿಯಂತೆ ಊದುತ್ತಿತ್ತು. ಚೆಂಡು ಬೀಳುವ ಜಾಗ ಕಾಣುತ್ತಿತ್ತು, ಕಾಲು ಏಳುತ್ತಿರಲಿಲ್ಲ.

ಆಟ ಮುಗಿದ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಸುಲಭಾ ಮೇಡಂ ನಡೆಯುತ್ತ, ಬೇಕಾದವರ ಹೆಗಲು ಮುಟ್ಟಿ ಆಚೆ ಕಳಿಸುತ್ತಿದ್ದರು. ರಜಿಯಾಳ ಹೆಗಲು ಮುಟ್ಟಿದರು. ನನ್ನ ಮುಂದೆ ನಿಂತರು. ನನ್ನ ಕಾಲು ನೋಡಿದರು, ಮುಖ ನೋಡಿದರು, ಮುಂದೆ ಹೋದರು.

ಅಳು ಬರಲಿಲ್ಲ. ಗೆರೆಯಾಚೆ ನೋಡಿದರೆ ಪೂಜೆ ಮುಗಿಸಿ ಬಂದ ಅಪ್ಪ ನಿಂತಿದ್ದ, ಪಕ್ಕದಲ್ಲಿ ಬುಟ್ಟಿ ಹಿಡಿದು ಆಯಿ. ಅಪ್ಪ ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ ತಿಳಿಯದು. “ನಡೀರಿ, ಹೊಲಕ್ಕ ಹೋಗೋಣು” ಎಂದೆ, ನೆಲ ನೋಡುತ್ತ.

“ನಿಲ್ಲು” ಎಂದ ಅಪ್ಪ. ನೇರವಾಗಿ ಸುಲಭಾ ಮೇಡಂ ಹತ್ತಿರ ಹೋದ. ಆಯಿ ಹಿಂದೆಯೇ ಹೋಗಿ, ಅಪ್ಪ ಬಾಯಿ ತೆರೆಯುವ ಮೊದಲೇ ಅವರ ಕೈಯಲ್ಲಿ ರೊಟ್ಟಿ, ಅದರ ಮೇಲೆ ಭಜ್ಜಿ ಇಟ್ಟಳು. “ಮೊದಲ ಉಣ್ರೀ. ಹಬ್ಬದ ದಿನ ಖಾಲಿ ಹೊಟ್ಟಿಲೆ ಇರಬಾರದು.”

ಅವರು ನಕ್ಕು ಒಂದು ತುತ್ತು ಮುರಿದರು.

“ಮೇಡಂ, ಒಂದ್ ಮಾತು ಕೇಳ್ತೀನ್ರೀ” ಎಂದ ಅಪ್ಪ. “ನಡುವ ಆಡ್ತಿದ್ದಾಕಿ ನನ್ನ ಮಗಳು. ಅಕಿನ್ನ ಯಾಕ ಬಿಟ್ರಿ?”

“ಛಲೋ ಆತು ಕೇಳಿದ್ರಿ. ಯಾರೂ ಕೇಳಂಗಿಲ್ಲ” ಎಂದರು ಅವರು. “ನಿಮ್ಮ ಮಗಳಿಗೆ ಚೆಂಡು ಎಲ್ಲಿ ಪುಟೀತದ ಅಂಬೋದು ಮೊದಲೇ ತಿಳೀತದ. ಅದನ್ನ ನಾ ಯಾರಿಗೂ ಕಲಿಸ್ಲಾಕ ಬರಂಗಿಲ್ಲ. ಆದ್ರ ಸಿಕ್ಕಿದ್ದು ಕೊಡ್ಲಾಕ ಅಕಿಗಿ ಮನಸ್ಸಿಲ್ಲ. ಎಡಗಾಲು ಬರೇ ನಿಲ್ಲಾಕ ಇಟ್ಕೊಂಡಾಳ, ಒದೀಲಾಕಲ್ಲ. ದಮ್ಮೂ ಸಾಲದು. ಈ ಮೂರೂ ಕಲಿಸಬಹುದು.”

“ಹಂಗಾರ ಕರಕೊಂಡು ಹೋಗಿ ಅಲ್ಲೇ ಕಲಿಸ್ರಿ.”

“ಅಲ್ಲಿ ಬರೋರು ದೊಡ್ಡ ಹುಡುಗೇರು. ಈಗ ಹಾಕಿದ್ರ ಕೆಡವಿ ಕೆಡವಿ ಅಕಿ ಮನಸಿನ್ಯಾಗ ಅಂಜಿಕಿ ಹಾಕ್ತಾರ. ಒಮ್ಮೆ ಅಂಜಿದ್ರ ಅಕಿ ಅರ್ಧ ಆಗ್ತಾಳ. ಎರಡು ವರ್ಷ ಆಡಿಸ್ರಿ. ನಡುವಿನ ಜಾಗಾ ಅಕಿದೇ. ಇದರಾಗ ನನಗ ಸಂಶಯ ಇಲ್ಲ.”

ಆಯಿ ಅಷ್ಟಕ್ಕೆ ಬಿಡಲಿಲ್ಲ. “ಎತ್ತರಾ? ಎಲ್ಲಾರೂ ಗಿಡ್ಡಿ ಅಂತಾರಲ್ಲ?”

“ಇರ್ಲಿ ಬಿಡ್ರೀ ಆಯಿ. ನೆಲದ ಮ್ಯಾಗಿನ ಚೆಂಡು ಎತ್ಕೊಳ್ಳೋರು ಗಿಡ್ಡ ಇದ್ರೇ ಛಲೋ.”

ನಾನು ಬುಟ್ಟಿಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಅವರು ಹೇಳಿದ್ದರಲ್ಲಿ ಕುಂದುಗಳೇ ಹೆಚ್ಚಿದ್ದವು. ಆದರೂ ಒಂದೂ ಚುಚ್ಚಲಿಲ್ಲ. ಆತನಕ ನನ್ನಲ್ಲಿ ಕುಂದು ಹುಡುಕಿದವರೆಲ್ಲ ತೂಗಿ ಕೆಳಗಿಟ್ಟು ಎದ್ದು ಹೋಗುವವರು. ಈ ಹೆಣ್ಣುಮಗಳು ಮುಂದೆ ನಾನು ಏನಾಗಬಹುದು ಎಂಬುದನ್ನು ಕಂಡು ಮಾತಾಡುತ್ತಿದ್ದರು.

ಹೊಲದಲ್ಲಿ ಉಂಡು, ಹಸಿಕಡಲೆ ಸುಲಿದು ತಿಂದು, ಇಳಿಹೊತ್ತಿಗೆ ಟೆಂಪೋ ಹತ್ತಿದೆವು. ಕೊಟ್ಟ ಮಾತು ನೆನಪಿದ್ದರಿಂದ ಮುಂದೇನೆಂದು ನಾನು ಕೇಳಲಿಲ್ಲ. ಕಪನೂರು ಬಂದಾಗ ಅಪ್ಪ ಮಿಲ್ಲಿನ ಕಡೆ ಕೈ ತೋರಿಸಿ ಅಂದ: “ಐತವಾರ ಮಿಲ್ಲು ಬಂದ್ ಇರ್ತದ. ಹಿಂದಿನ ಗ್ವಾಡಿ ಖಾಲಿ ಅದ. ಟೀಚರ್‌ಗೆ ಕೇಳಿ ಒಂದು ಚೆಂಡು ತಗೊಂಡು ಬಾ.”

“ಆರಿಸಲಿಲ್ಲಲ್ಲಪಾ ನನ್ನ?”

“ಎರಡು ವರ್ಷಕ್ಕ ಆರಿಸ್ಯಾರ. ಕೇಳಿಲ್ಲೇನು ನೀ?”

ಆ ಚಳಿಗಾಲದ ಭಾನುವಾರದ ಬೆಳಗುಗಳೆಲ್ಲ ಆ ಗೋಡೆಯ ಮುಂದೆ ಕಳೆದವು. ತೊಗರಿ ಹೊಟ್ಟಿನ ಘಾಟು ವಾಸನೆ, ಮಂಜಿಗೆ ತೊಯ್ದ ಚೀಲಗಳು. ಅಪ್ಪ ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಚೌಕ ಬರೆದು, “ಎಡದಿಲೆ!” ಎಂದು ಕೂಗುತ್ತಿದ್ದ. ಮೊದಮೊದಲು ನನ್ನ ಚೆಂಡು ಗೋಡೆ ಬಿಟ್ಟು ಚರಂಡಿಗೆ ಹೋಗುತ್ತಿತ್ತು. ಒಮ್ಮೆ ತಾನೇ ತೋರಿಸುತ್ತೇನೆಂದು ಎಡಗಾಲು ಬೀಸಿದ. ಚೆಂಡು ಅಲ್ಲೇ ಉಳಿಯಿತು, ಚಪ್ಪಲಿ ಮಿಲ್ಲಿನ ತಗಡಿನ ಸೂರಿನ ಮೇಲೆ ಹೋಗಿ ಕೂತಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ರಜಿಯಾಳೂ ಬರತೊಡಗಿದಳು. ಅವಳಿಗೆ ಗುದ್ದಿ ಕೊಡುವುದನ್ನು, ಕೊಟ್ಟು ಮತ್ತೆ ಓಡಿ ಪಡೆಯುವುದನ್ನು ಕಲಿತೆ. ಶಿವರಾತ್ರಿ ಹೊತ್ತಿಗೆ ನನ್ನ ಎಡಗಾಲಿನ ಚೆಂಡು ಚೌಕದೊಳಗೆ ಬಡಿಯತೊಡಗಿತು.

ಎರಡು ವರ್ಷ ಕಳೆದ ಮೇಲಿನ ಚಳಿಗಾಲಕ್ಕೆ ಸುಲಭಾ ಮೇಡಂ ಮತ್ತೆ ಬಂದರು. ಈ ಸಲ ನನ್ನ ಹೆಗಲು ಮುಟ್ಟಲು ತಡ ಮಾಡಲಿಲ್ಲ. ಎತ್ತರ ಅಷ್ಟೇ ಇತ್ತು. ಆಮೇಲಿನ ಹಲವು ವರ್ಷ, ಮೊಣಕಾಲು ಕೈಕೊಡುವವರೆಗೆ, ನಾನು ಹೋದ ತಂಡಗಳಲ್ಲೆಲ್ಲ ನಡುವೆಯೇ ಆಡಿದೆ, ಚೆನ್ನಾಗಿ ಆಡಿದೆ. ಆಸ್ಟ್ರೇಲಿಯಾ ನೋಡಲಿಲ್ಲ. ನೋಡದ್ದಕ್ಕೆ ಬೇಸರವೂ ಇಲ್ಲ. ಈಗ ಕಲಬುರಗಿಯಲ್ಲೇ ಹುಡುಗಿಯರಿಗೆ ಆಟ ಕಲಿಸುತ್ತೇನೆ.

ಕಳೆದುಕೊಂಡದ್ದು ಇಲ್ಲವೆಂದಲ್ಲ. ಆಯಿ ಹೋದಳು. ಅವಳು ಹೋದ ಮೇಲೆ ಅಷ್ಟು ದೊಡ್ಡ ಬುಟ್ಟಿ ಕಟ್ಟುವವರಿಲ್ಲ. ರಜಿಯಾ ಹೈದರಾಬಾದಿನಲ್ಲಿದ್ದಾಳೆ, ಫೋನಿನಲ್ಲಿ ಮಾತಾಡುತ್ತೇವೆ, ಓಡುವುದಿಲ್ಲ. ನನ್ನ ಹುಡುಗಿಯರಿಗೆ ಒಳ್ಳೆಯ ಬೂಟುಗಳಿವೆ, ನೀರಿನ ಬಾಟಲಿಗಳಿವೆ, ನಮಗಿಂತ ಬೇಗ ಕಲಿಯುತ್ತಾರೆ. ಅವರಲ್ಲಿ ನಮ್ಮೆಲ್ಲರನ್ನೂ ಮೀರಿಸುವವರಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೊನೆಯ ಸೀಟಿ ಊದಿದೊಡನೆ ಗೇಟಿನಾಚೆ ಗಾಡಿಗಳು ಹಾರ್ನ್ ಹೊಡೆಯುತ್ತವೆ. ಒಬ್ಬಳಿಗೆ ಟ್ಯೂಷನ್, ಇನ್ನೊಬ್ಬಳಿಗೆ ಮತ್ತೊಂದು. ಮೈಮೇಲಿನ ಮಣ್ಣು ಒಣಗುವ ಮೊದಲೇ ಎಲ್ಲರೂ ಹೊರಟುಹೋಗುತ್ತಾರೆ. ನಾನು ಚೆಂಡುಗಳನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಇನ್ನೂ ಬೆಚ್ಚಗಿರುವ ನೆಲದ ಮೇಲೆ ಸ್ವಲ್ಪ ಹೊತ್ತು ಒಬ್ಬಳೇ ಕೂತು ಆಮೇಲೆ ಮನೆಗೆ ಹೋಗುತ್ತೇನೆ.