ನಂಜಿಯ ಅಭಿಪ್ರಾಯಕ್ಕೆ ಕೆಂಪು ಗೀಟು

ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಕೈಯೆಲ್ಲ ಅಂಟು. ಲೈಬ್ರರಿಗೆ ಹೋಗಿದ್ದ ಮಗಳು ಸರೋಜ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ನಂಜಿ, ತಲೆ ತಗ್ಗಿಸಿಕೊಂಡು.

"ಅಮ್ಮಾ, ನಂಜಿ ಕಾರ್ಡ್ ಕಿತ್ಕೊಂಡ್ರು. ನಂಗೂ ಇನ್ಮೇಲೆ ಬುಕ್ ಇಲ್ವಂತೆ."

ನಂಜಿ ನೆಲ ನೋಡುತ್ತಲೇ ಹೇಳಿದಳು: "ಬುಕ್ ಬ್ಯಾಡ ಬುಡತ್ತೆ. ನಾನಿನ್ನು ಏನೂ ಯೋಳಲ್ಲ."

ಕಾರ್ಡು ಹೋದರೆ ಇನ್ನೊಂದು ಬಂದೀತು. ಆದರೆ ಈ ಹುಡುಗಿಯ ಬಾಯಿ ಮತ್ತೆ ಮುಚ್ಚಿಕೊಂಡರೆ? ಕೈ ತೊಳೆಯಲು ಎದ್ದೆ.

ನಂಜಿ ನನ್ನ ಅಣ್ಣನ ಮಗಳು. ಮೇಚೇರಿಯ ಹತ್ತಿರದ ಊರು, ಮನೆ ತುಂಬ ಕುರಿ. ಹೈಸ್ಕೂಲು ಓದಲೆಂದು ಹೋದ ವರ್ಷ ಸೇಲಂಗೆ, ನಮ್ಮ ಮನೆಗೆ ಬಂದಳು. (ಹೆಣ್ಣುಮಗಳನ್ನು ಓದಿಸಲು ಅಣ್ಣ ಒಪ್ಪಿದ್ದು ಮಾದಪ್ಪನ ದಯೆ. ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ.) ಅವಳ ಮಾತಿನ ಧಾಟಿಗೆ ಕ್ಲಾಸಿನವರು ನಕ್ಕರು. ಆಮೇಲೆ ಆರು ತಿಂಗಳು ಅವಳು ಬಾಯಿ ಬಿಟ್ಟಿದ್ದು ಊಟಕ್ಕೆ ಮಾತ್ರ.

ಅವಳ ಬಾಯಿ ಬಿಡಿಸಿದ್ದು ಕಥೆ ಪುಸ್ತಕ.

ಶನಿವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ನಾನು ಓದುತ್ತೇನೆ, ಹುಡುಗಿಯರು ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳುತ್ತಾರೆ. ಓದುವವರ ಕೈಗೆ ಕೆಲಸವಿಲ್ಲ, ಇದು ನಮ್ಮ ಮನೆಯ ರೂಲು. (ನನಗೆ ವಾರಕ್ಕೊಮ್ಮೆ ಸಿಗುವ ರೆಸ್ಟು ಅದೇ. ಅದೂ ಸಣ್ಣ ಪುಣ್ಯವಲ್ಲ.) ಅವರೇ ಯಾಕೆ ಓದುವುದಿಲ್ಲ? ಸ್ಕೂಲಲ್ಲಿ ಕಲಿತದ್ದು ತಮಿಳು ಅಕ್ಷರ. ಕನ್ನಡ ಅವರ ಬಾಯಲ್ಲಿದೆ, ಕೈಗೆ ಬಂದಿಲ್ಲ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಹೀಗಿಲ್ಲ, ಹೇಳಿ?

ಬೀದಿಯ ಕೊನೆಯಲ್ಲಿ ನಮ್ಮವರೇ ಸೇರಿ ನಡೆಸುವ ಕನ್ನಡ ಲೈಬ್ರರಿ. ಒಂದು ಕೋಣೆ, ಎರಡು ಬೀರು, ಒಂದು ಬೆಂಚು. ಮಕ್ಕಳ ಕಾದಂಬರಿಗಳ ಹಿಂದೆ ಸೆಕ್ರೆಟರಿಯವರು ಬಿಳಿ ಹಾಳೆ ಅಂಟಿಸಿದ್ದಾರೆ. ಓದಿದ ಮಕ್ಕಳು ಅದರಲ್ಲಿ ಅಭಿಪ್ರಾಯ ಬರೆಯಬೇಕು. ಒಳ್ಳೆಯ ಏರ್ಪಾಡು. ಆದರೆ ತೆಗೆದು ನೋಡಿದರೆ ಎಲ್ಲ ಹಾಳೆಯಲ್ಲೂ ಒಂದೇ ಮಾತು: "ಪುಸ್ತಕ ಚೆನ್ನಾಗಿದೆ." ಉಪ್ಪಿಟ್ಟು ತಿಂದು ಹೋಗುವ ನೆಂಟರೂ ಹೀಗೇ ಹೇಳುತ್ತಾರೆ.

ಹೋದ ವಾರ ಓದಿದ್ದು ಕುರಿ ಕಾಯುವ ಹುಡುಗನೊಬ್ಬ ಮನೆ ಬಿಟ್ಟು ಓಡಿಹೋಗಿ, ಸಾಹಸ ಮಾಡಿ ಬರುವ ಕಾದಂಬರಿ. ಮುಗಿದ ಮೇಲೆ ನಂಜಿ ಹಿಂದಿನ ಹಾಳೆ ಕೇಳಿದಳು. ಅರ್ಧ ಪುಟ ಬರೆದಳು. ಮಾತು ಕನ್ನಡ, ಅಕ್ಷರ ತಮಿಳು.

ಅದಕ್ಕೇ ಈ ಗಲಾಟೆ.

ನಾನು ಹೋದಾಗ ಸೆಕ್ರೆಟರಿಯವರು ರಿಜಿಸ್ಟರ್ ಮುಂದೆ ಕೂತಿದ್ದರು. ಬೆಂಚಿನ ಮೇಲೆ ಪೇಪರ್ ಓದುತ್ತಾ ಇಬ್ಬರು ಹಿರಿಯರು. ಕನ್ನಡ ಪುಸ್ತಕಕ್ಕೆ ತಮಿಳು ಗೀಚಿ ಕೆಡಿಸಿದ್ದಾರೆ, ಓದಲು ಬಾರದವರಿಗೆ ಇನ್ನು ಪುಸ್ತಕ ಇಲ್ಲ, ಕಮಿಟಿಯಲ್ಲಿ ಪಾಸಾಗಿದೆ ಎಂದರು ಸೆಕ್ರೆಟರಿ. ಹಾಳೆ ತೋರಿಸಿದರು. ನಂಜಿ ಬರೆದದ್ದರ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕೆಂಪು ಗೀಟು.

ಏನು ಬರೆದಿದ್ದಾಳೆ ಎಂದು ಓದಿದಿರಾ ಎಂದು ಕೇಳಿದೆ. ತಮಿಳು ತಾನೇ, ಯಾಕೆ ಓದಬೇಕು ಎಂದರು. (ಮನೆಗೆ ಬರುವ ತಮಿಳು ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದುವವರು ಇವರೇ.)

ನಾನೇ ಗಟ್ಟಿಯಾಗಿ ಓದಿದೆ:

"ಈ ಕತೆ ಬರ್ದವ್ರು ಕುರಿ ಮೇಯಿಸಿಲ್ಲ. ಒಂದು ಕುರಿ ಎದ್ರುದ್ರೆ ಎಲ್ಲಾ ಓಡ್ತವೆ. ಎಸ್ರು ಇಡ್ದು ಕರುದ್ರೆ ಒಂದೊಂದೇ ಲೈನಾಗಿ ಬರಲ್ಲ. ಆ ಉಡುಗ ಮನೆ ಬುಟ್ಟಾಗ ಮಂದೆ ಕಾಯ್ದಿದ್ದು ಅವ್ನ ಅಕ್ಕ. ಅವ್ನು ಬಂದಾಗ ಊರೇ ಕೊಂಡಾಡ್ತು. ಅಕ್ಕನ್ನ ಒಬ್ರೂ ಕೇಳ್ನಿಲ್ಲ. ಇದು ನ್ಯಾಯ ಅಲ್ಲ."

ಪೇಪರಿನ ಹಿಂದಿನಿಂದ ಒಬ್ಬ ಹಿರಿಯರು, "ಕುರಿ ಇಚಾರ ನಿಜ ಕಣಮ್ಮ" ಎಂದರು. ಮತ್ತೆ ಪೇಪರಿನ ಹಿಂದೆ ಹೋದರು.

ಸೆಕ್ರೆಟರಿ ಬಗ್ಗಲಿಲ್ಲ. ಕಥೆ ಕೇಳಿದವಳು ಓದಿದವಳಾಗುತ್ತಾಳಾ ಎಂದರು.

ಇಲ್ಲಿ ನನಗೆ ಸಿಟ್ಟು ಬಂತು. ದೇವಸ್ಥಾನದಲ್ಲಿ ಹರಿಕಥೆ ಕೇಳಿ ಅಳುತ್ತೇವಲ್ಲ, ನಾವೆಲ್ಲ ಪುರಾಣ ಓದಿದವರೇ? ಸೀತೆಗೆ ಅನ್ಯಾಯವಾಯಿತು ಎಂದು ನನ್ನ ಅಜ್ಜಿ ಸಾಯುವತನಕ ಹೇಳಿದಳು. ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಅವಳನ್ನು ಯಾವ ಕಮಿಟಿ ತಡೆಯಿತು?

ನನ್ನ ತಪ್ಪೂ ಇದೆ, ಒಪ್ಪುತ್ತೇನೆ. ಮಕ್ಕಳಿಗೆ ದೇವರನಾಮವನ್ನು ಬಾಯಿಪಾಠ ಮಾಡಿಸಿದೆ, ಅಕ್ಷರ ತಿದ್ದಿಸಲಿಲ್ಲ. ಇನ್ನು ತಿದ್ದಿಸುತ್ತೇನೆ, ಅದನ್ನೂ ಸೆಕ್ರೆಟರಿಯವರಿಗೆ ಹೇಳಿದೆ. ಆದರೆ ಒತ್ತಕ್ಷರ ಬರುವವರೆಗೆ ಅಭಿಪ್ರಾಯವನ್ನು ಹುಡುಗಿ ನುಂಗಿಕೊಂಡು ಕೂರಬೇಕೇ? ಬೀರುವಿನ ಪುಸ್ತಕಗಳನ್ನು ನಾಳೆ ತೆಗೆಯುವವರು ಯಾರು? ಬೆಂಚಿನ ಮೇಲಿನ ಇಬ್ಬರೇ?

ಅವರು ಕಾರ್ಡು ಕೊಡಲಿಲ್ಲ. ನಾನು ನನ್ನ ಕಾರ್ಡು ಮುಂದಿಟ್ಟು ಇನ್ನೊಂದು ಮಕ್ಕಳ ಕಾದಂಬರಿ ಕೇಳಿದೆ.

"ಇದನ್ನೂ ಅವ್ರಿಗೇ ತಾನೇ ಓದಿ ಹೇಳೋದು? ಆಮೇಲೆ ರೂಲ್ಸ್ ಏನಾಯ್ತಮ್ಮ?"

"ನನ್ನ ಬಾಯಿಗೂ ರೂಲ್ಸ್ ಇದ್ರೆ ಬೋರ್ಡ್ ಹಾಕ್ಸಿ ಸಾರ್."

ಎಂಟ್ರಿ ಮಾಡಿಕೊಟ್ಟರು. (ಮನುಷ್ಯ ಕೆಟ್ಟವರಲ್ಲ. ರೂಲ್ಸ್ ಅಂದರೆ ದೇವರು ಅಂದುಕೊಂಡಿದ್ದಾರೆ, ಅಷ್ಟೇ.)

ಶನಿವಾರಕ್ಕೆ ಕಾಯಲಿಲ್ಲ. ಬಂದವಳೇ ಜಗಲಿಯಲ್ಲಿ ಕೂತು ಓದಿದೆ. ರಾಜಕುಮಾರಿಯೊಬ್ಬಳ ಕಥೆ. ಸರೋಜ ನಕ್ಕಳು, ಪ್ರಶ್ನೆ ಕೇಳಿದಳು. ನಂಜಿ ಕಂಬಕ್ಕೆ ಒರಗಿ ಬೇರೆ ಕಡೆ ನೋಡುತ್ತಿದ್ದಳು. ಐದು ಪುಟ. ಹತ್ತು ಪುಟ. ಮನಸ್ಸಲ್ಲೇ ಮಾದಪ್ಪನನ್ನು ಕರೆದೆ.

ಹನ್ನೆರಡನೇ ಪುಟದಲ್ಲಿ ರಾಜಕುಮಾರಿ ನಡುಮಧ್ಯಾಹ್ನ ಬರಿಗಾಲಲ್ಲಿ ಬೆಟ್ಟ ಹತ್ತಿ, ತುದಿಯಲ್ಲಿ ನಿಂತು ಹಾಡಿದಳು.

"ನಿಲ್ಸತ್ತೆ," ಅಂದಳು ನಂಜಿ. "ಬಿಸಿಲಲ್ಲಿ ಒಂದ್ಸಲ ನಮ್ಮ ಪಾಲಮಲೆ ಬೆಟ್ಟ ಅತ್ತಿ ಬರ್ಲಿ ಇದ್ನ ಬರ್ದವ್ರು. ಆಡೋದಿರ್ಲಿ, ಉಸ್ರು ಬರ್ತದಾ ಕೇಳು."

ಸರೋಜ ಬಿದ್ದು ಬಿದ್ದು ನಕ್ಕಳು. ನಾನು ಪುಸ್ತಕ ತಿರುಗಿಸಿ ಹಿಂದಿನ ಹಾಳೆ ಅವಳ ಮುಂದಿಟ್ಟೆ. ನಂಜಿ ನನ್ನ ಮುಖ ನೋಡಿದಳು.

"ಯಾವ ಅಕ್ಸರದಲ್ಲಿ ಬರೀಲಿ?"

ನಿನಗೆ ಬರೋದರಲ್ಲಿ ಬರಿ ಎಂದು ಹೇಳಿ, ಅನ್ನಕ್ಕೆ ಎಸರಿಡಲು ಒಳಗೆ ಹೋದೆ.